‘ಫ್ರೆಶ್’ ಪದಕ್ಕೆ ಫ್ರೆಂಚ್ ಹುಡುಕಲು ಯಾವ ನಿಘಂಟು? ಚಿಕ್ಕಬಳ್ಳಾಪುರದ ದ್ರಾಕ್ಷಿ, ಹೂವಿನ ಲೇಬಲ್ ಇಟ್ಟುಕೊಂಡು ವರ್ಡ್‌ರೆಫರೆನ್ಸ್ ವಿಮರ್ಶೆ

ಇಂಗ್ಲಿಷಿನ ಒಂದು ಸಾಮಾನ್ಯ ಗುಣವಾಚಕಕ್ಕೆ ಸರಿಯಾದ ಫ್ರೆಂಚ್ ಮಾತು ಬೇಕೆಂದರೆ, ಪುಕ್ಕಟೆ ಸಿಗುವ ಸಾಧನಗಳಲ್ಲಿ ವರ್ಡ್‌ರೆಫರೆನ್ಸ್ ನಿಘಂಟೇ ಮುಂದು. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಒಂದು ಅಂಕ ಕಳೆಯುವುದಕ್ಕೆ ಕಾರಣ ಎರಡು. ಪೆಟ್ಟಿಗೆ ಮೇಲೆ ಅಚ್ಚು ಹಾಕಿಸುವ ವ್ಯಾಪಾರದ ಭಾಷೆ ಬಂದಾಗ ಅದು ಅರ್ಧ ದಾರಿಗೆ ಕೈಬಿಡುತ್ತದೆ. ಮತ್ತೆ ಅದರಲ್ಲಿ ಕನ್ನಡವಿಲ್ಲ. ಈ ಎರಡು ಕೊರತೆಯನ್ನೂ ಬೇರೆ ಕಡೆಯಿಂದ ತುಂಬಿಕೊಳ್ಳಬಹುದು, ಅದನ್ನೂ ಇಲ್ಲೇ ಹೇಳುತ್ತೇವೆ.

ಪರೀಕ್ಷೆಗೆ ಆರಿಸಿಕೊಂಡ ಪದ ‘ಫ್ರೆಶ್’. ಚಿಕ್ಕಬಳ್ಳಾಪುರಕ್ಕೆ ಇದಕ್ಕಿಂತ ಹೊಂದುವ ಪದ ಸಿಗುವುದು ಕಷ್ಟ. ಸುತ್ತಲಿನ ಹಳ್ಳಿಗಳಲ್ಲಿ ಬೆಳೆಯುವುದೆಲ್ಲ ಅದೇ ಪದದ ಕೆಳಗೆ ಮಾರಾಟವಾಗುವ ಮಾಲು: ಬೆಂಗಳೂರು ನೀಲಿ ಮತ್ತು ದಿಲ್‌ಖುಷ್ ದ್ರಾಕ್ಷಿ, ಪಾಲಿಹೌಸ್ ಗುಲಾಬಿ, ಸೇವಂತಿಗೆ, ಕ್ಯಾರೆಟ್, ಆಲೂಗಡ್ಡೆ, ಟೊಮೆಟೊ, ಚಳಿಗಾಲದಲ್ಲಿ ಅವರೆಕಾಯಿ. ನಂದಿ ಬೆಟ್ಟದ ಬುಡದ ಹೋಂಸ್ಟೇಗಳ ಮೆನುವಿನಲ್ಲಿ ‘ಫ್ರೆಶ್ ಲೈಮ್ ಸೋಡಾ’, ಅಲ್ಲಿನ ಪರಿಚಯ ಪತ್ರದಲ್ಲಿ ‘ಫ್ರೆಶ್ ಏರ್’. ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡವರಿಗೆ ಗುಣವಾಚಕದ ಲಿಂಗ–ವಚನ ಬದಲಾವಣೆ ಕಲಿಯಲು ಸಹ ಇದು ಒಳ್ಳೆಯ ಮಾದರಿ. ಯಾಕೆಂದರೆ ಈ ಪದ ನಿಯಮದ ಹಾದಿ ಬಿಟ್ಟು ನಡೆಯುತ್ತದೆ.

ವರ್ಡ್‌ರೆಫರೆನ್ಸ್ ಶುರುವಾದದ್ದು 1999ರಲ್ಲಿ, ಕಟ್ಟಿದವರು ಮೈಕೆಲ್ ಕೆಲಾಗ್. ಜಾಹೀರಾತಿನ ಮೇಲೆ ನಡೆಯುತ್ತದೆ, ಓದುಗರು ಹಣ ಕೊಡಬೇಕಾಗಿಲ್ಲ. ಬ್ರೌಸರಿನಲ್ಲೂ ಸಿಗುತ್ತದೆ, ಫೋನಿಗೆ ಆ್ಯಪ್ ಸಹ ಇದೆ. ಒಂದು ಪದ ಹಾಕಿದರೆ ಪುಟ ಮೂರು ಪಾಲಾಗಿ ತೆರೆದುಕೊಳ್ಳುತ್ತದೆ: ಮುಖ್ಯ ಅನುವಾದಗಳು, ಹೆಚ್ಚುವರಿ ಅನುವಾದಗಳು, ಕೊನೆಗೆ ಜೋಡಿಪದಗಳು. ಪ್ರತಿ ಸಾಲಿನ ಎಡಗಡೆ ಇಂಗ್ಲಿಷ್ ಪದ, ನಡುವೆ ಆವರಣದಲ್ಲಿ ಆ ಅರ್ಥದ ಸಣ್ಣ ಸುಳಿವು, ಬಲಗಡೆ ಫ್ರೆಂಚ್, ಅದರ ಕೆಳಗೆ ಸಾಮಾನ್ಯವಾಗಿ ಎರಡೂ ಭಾಷೆಯಲ್ಲಿ ಒಂದು ಉದಾಹರಣೆ ವಾಕ್ಯ.

ಇದರ ಬೆಲೆಯೆಲ್ಲ ಇರುವುದು ನಡುವಿನ ಆ ಆವರಣದಲ್ಲಿ. ಬಹುಪಾಲು ಜನ ನೇರ ಬಲಗಡೆಗೆ ಕಣ್ಣು ಹಾಯಿಸಿ, ಮೊದಲು ಕಂಡ ಫ್ರೆಂಚ್ ಪದ ಎತ್ತಿಕೊಂಡು ಹೊರಟುಬಿಡುತ್ತಾರೆ. ‘ಫ್ರೆಶ್’ ವಿಷಯದಲ್ಲಿ ಹಾಗೆ ಮಾಡಿದರೆ ಸಿಗುವುದು ‘ಫ್ರೆ’. ಆಹಾರಕ್ಕಾದರೆ ಅದು ಸರಿ. ನೀರಿಗೆ, ಬಟ್ಟೆಗೆ, ಹಾಳೆಗೆ, ಉದ್ಯೋಗಕ್ಕೆ ತಪ್ಪು. ಆವರಣ ಓದಿದವರಿಗೆ ಮಾತ್ರ ನೀರಿನ ಅರ್ಥಕ್ಕೆ ಬೇರೆ ಪದ, ಹೊಸದು ಎಂಬ ಅರ್ಥಕ್ಕೆ ಇನ್ನೊಂದು, ಉದ್ಧಟತನದ ಅರ್ಥಕ್ಕೆ ಮತ್ತೊಂದು ಇದೆಯೆಂದು ಗೊತ್ತಾಗುತ್ತದೆ.

ಆದ್ದರಿಂದ ಬಳಸುವ ಕ್ರಮ ಹೀಗಿರಲಿ. ನಿಘಂಟು ತೆರೆಯುವ ಮೊದಲೇ ನಾಮಪದ ನಿರ್ಧಾರವಾಗಿರಬೇಕು: ಯಾವುದು ಫ್ರೆಶ್? ಆಮೇಲೆ ‘ಈ ನಾಮಪದದ ಜೊತೆ ಫ್ರೆಶ್ ಅಂದರೆ ಏನು ಅಲ್ಲ’ ಎಂದು ಕೇಳಿಕೊಳ್ಳಿ. ಬ್ರೆಡ್ಡಿಗೆ ಫ್ರೆಶ್ ಅಂದರೆ ಹಳಸಿಲ್ಲ, ಬಟಾಣಿಗೆ ಒಣಗಿಲ್ಲ, ಮೀನಿಗೆ ಫ್ರೀಜ್ ಆಗಿಲ್ಲ, ಕೆರೆ ನೀರಿಗೆ ಉಪ್ಪಿಲ್ಲ, ದುಪ್ಪಟಿಗೆ ಕೊಳೆಯಿಲ್ಲ, ಹಾಳೆಗೆ ಇನ್ನೂ ಬರೆದಿಲ್ಲ. ಈ ವಿರುದ್ಧಾರ್ಥ ಕೈಯಲ್ಲಿದ್ದರೆ ಆವರಣದ ಸುಳಿವಿಗೆ ಹೊಂದಿಸುವುದು ಅರೆನಿಮಿಷದ ಕೆಲಸ. ಮೂರನೆಯದು, ಸಿಕ್ಕ ಫ್ರೆಂಚ್ ಪದವನ್ನು ಅದೇ ಸೈಟಿನ ಫ್ರೆಂಚ್–ಇಂಗ್ಲಿಷ್ ಕಡೆಯಲ್ಲಿ ಹಾಕಿ ತಿರುವಿ ನೋಡುವುದು. ಈ ಮೂರನೆಯ ಹೆಜ್ಜೆ ಬಿಟ್ಟವರೇ ಹೆಚ್ಚು ಎಡವುತ್ತಾರೆ.

ತಿರುವಿ ನೋಡಿದರೆ ಏನು ಸಿಗುತ್ತದೆ ನೋಡಿ. ‘ಫ್ರೆ’ ಎಂಬುದಕ್ಕೆ ತಾಜಾ ಎಂಬ ಅರ್ಥದಷ್ಟೇ ಗಟ್ಟಿಯಾಗಿ ‘ತಣ್ಣಗಿರುವ’ ಎಂಬ ಅರ್ಥವೂ ಇದೆ. ಬಾಟಲಿಯ ಮೇಲೆ ‘ಸೆರ್ವೀರ್ ಫ್ರೆ’ ಎಂದಿದ್ದರೆ ತಣ್ಣಗೆ ಕೊಡಿ ಎಂದು. ‘ಆ ಕೋಂಸೆರ್ವೇ ಓ ಫ್ರೆ’ ಅಂದರೆ ತಂಪಾದ ಜಾಗದಲ್ಲಿಡಿ. ಅಂಗಡಿಯಲ್ಲಿ ‘ಪ್ರೋದ್ವಿ ಫ್ರೆ’ ಎಂಬ ಬೋರ್ಡು ಕಂಡರೆ ಅದು ಹಾಲು, ಮೊಸರು, ಚೀಸ್ ಇಟ್ಟಿರುವ ತಂಪು ಕಪಾಟು. ಅದೇ ಪುಟದಲ್ಲಿ ಇನ್ನೂ ಸ್ವಲ್ಪ ಕೆಳಗೆ ಹೋದರೆ ‘ಫ್ರೆ’ ಬಹುವಚನದ ನಾಮಪದವಾಗಿ ಸಿಗುತ್ತದೆ, ಅರ್ಥ ‘ಖರ್ಚು’. ಇನ್‌ವಾಯ್ಸಿನಲ್ಲಿ ‘ಫ್ರೆ ದ ಪೋರ್’ ಕಂಡರೆ ಅದು ಸಾಗಣೆ ವೆಚ್ಚ, ತಾಜಾತನಕ್ಕೂ ಅದಕ್ಕೂ ಸಂಬಂಧವಿಲ್ಲ. ಫ್ರಾನ್ಸಿನಿಂದ ಬಂದ ಬಿಲ್ ಓದುವಾಗ ಗುಣವಾಚಕ ಕಲಿತವರು ಮುಗ್ಗರಿಸುವುದು ಇಲ್ಲೇ.

ಹಣ್ಣಿನ ರಸಕ್ಕೆ ಈ ಇಬ್ಬಗೆ ದೊಡ್ಡ ತಲೆನೋವು. ‘ಜ್ಯೂ ದ ರೆಜೆಂ ಫ್ರೆ’ ಎಂದು ಬರೆದರೆ ತಾಜಾ ರಸವೋ, ತಾಜಾ ದ್ರಾಕ್ಷಿಯಿಂದ ಮಾಡಿದ ರಸವೋ, ತಣ್ಣಗಿನ ರಸವೋ ಹೇಳಲಾಗುವುದಿಲ್ಲ. ಜ್ಯೂ, ರೆಜೆಂ ಎರಡೂ ಪುಲ್ಲಿಂಗ, ಹಾಗಾಗಿ ವ್ಯಾಕರಣವೂ ಸಹಾಯಕ್ಕೆ ಬರುವುದಿಲ್ಲ. ಕಣ್ಣೆದುರೇ ಹಿಂಡಿ ಕೊಡುವುದಾದರೆ ‘ಫ್ರೆಶ್‌ಮಾಂ ಪ್ರೆಸ್ಸೇ’ ಎಂದು ಕ್ರಿಯಾವಿಶೇಷಣ ಹಾಕಿ, ಅನುಮಾನವೇ ಉಳಿಯುವುದಿಲ್ಲ. ಬಾಟಲಿಯ ಮಾಲು, ಸಾಂದ್ರೀಕರಿಸಿ ಮತ್ತೆ ನೀರು ಬೆರೆಸಿದ್ದಲ್ಲ ಎಂದು ಹೇಳಬೇಕಿದ್ದರೆ ಫ್ರೆಂಚರು ಬಳಸುವ ಮಾತು ‘ಪ್ಯೂರ್ ಜ್ಯೂ’. ಇಂಗ್ಲಿಷಿನ ಫ್ರೆಶ್ ಇಲ್ಲಿ ಪೂರ್ತಿ ಬಿಟ್ಟುಹೋಗುತ್ತದೆ, ಹೋಗಲಿ. ಮೆನುವಿನ ಫ್ರೆಶ್ ಲೈಮ್ ಸೋಡಾಕ್ಕೂ ಹಾಗೆಯೇ: ‘ಸಿತ್ರೋಂ ವೆರ್ ಪ್ರೆಸ್ಸೇ’ ಎಂದು ಬರೆದು ಗ್ಯಾಸ್ ತುಂಬಿದ ನೀರಿನೊಂದಿಗೆ ಎಂದು ಸೇರಿಸಿದರೆ ಫ್ರಾನ್ಸಿನಿಂದ ಬಂದ ಅತಿಥಿಗೆ ಏನು ಬರುತ್ತದೆಂದು ತಕ್ಷಣ ತಿಳಿಯುತ್ತದೆ, ಏಕೆಂದರೆ ಹಿಂಡಿದ ನಿಂಬೆಯ ಪಾನೀಯ ಅವರ ಕೆಫೆಗಳಲ್ಲೂ ಇದೆ.

ನಂದಿ ಬೆಟ್ಟದ ‘ಫ್ರೆಶ್ ಏರ್’ ಸಹ ಇದೇ ಗುಂಪಿಗೆ ಸೇರಿದ್ದು. ‘ಎರ್ ಫ್ರೆ’ ಅಂದರೆ ಓದುಗನಿಗೆ ಮೊದಲು ತಟ್ಟುವುದು ತಂಪು ಗಾಳಿ. ಹೊಗೆ ಧೂಳಿಲ್ಲದ ಗಾಳಿ ಎನ್ನಬೇಕಾದರೆ ‘ಎರ್ ಪ್ಯೂರ್’. ಬಯಲಲ್ಲಿ, ಹೊರಗಡೆ ಎನ್ನಬೇಕಾದರೆ ‘ಓ ಗ್ರಾಂತ್ ಎರ್’. 1478 ಮೀಟರ್ ಎತ್ತರದಲ್ಲಿ ಮೊದಲೆರಡೂ ನಿಜವಾದ್ದರಿಂದ ಎರಡನ್ನೂ ಬರೆಯಬಹುದು, ಆದರೆ ಯಾವುದನ್ನು ಬರೆಯುತ್ತಿದ್ದೇವೆಂದು ಗೊತ್ತಿದ್ದು ಬರೆಯಬೇಕು. ಕೋಣೆಯ ‘ಫ್ರೆಶ್ ಟವೆಲ್’, ‘ಫ್ರೆಶ್ ಬೆಡ್‌ಶೀಟ್’ ಎರಡಕ್ಕೂ ‘ಪ್ರೋಪ್ರ್’, ಅಂದರೆ ಒಗೆದು ಶುಚಿಯಾದದ್ದು. ಗೋಡೆಗೆ ಆಗ ತಾನೇ ಬಣ್ಣ ಹೊಡೆದಿದ್ದರೆ ‘ಪೆಂತ್ಯೂರ್ ಫ್ರೆಶ್’ ಎಂದು ತೂಗುಹಾಕಿ, ‘ಬಣ್ಣ ಹಸಿ ಇದೆ, ಮುಟ್ಟಬೇಡಿ’ ಎಂದೇ ಅದರ ಅರ್ಥ.

ಆ ಕೊನೆಯ ಫ್ರೆಶ್ ಓದಿದಾಗ ಕಣ್ಣಿಗೆ ಬಿದ್ದಿರಬಹುದು, ಅದು ಇಂಗ್ಲಿಷ್ ಅಲ್ಲ. ಫ್ರೆಂಚಿನಲ್ಲಿ ಈ ಪದದ ಪುಲ್ಲಿಂಗ ರೂಪ ಎಫ್, ಆರ್, ಎ, ಐ, ಎಸ್. ಕೊನೆಯ ಎಸ್ ಮೌನ, ಉಚ್ಚಾರ ‘ಫ್ರೆ’. ಸ್ತ್ರೀಲಿಂಗದಲ್ಲಿ ಎಸ್ ಹೋಗಿ ಸಿ, ಎಚ್, ಇ ಬರುತ್ತದೆ, ಐ ತಲೆಯ ಮೇಲೆ ಟೋಪಿಯಂಥ ಸರ್ಕೋಂಫ್ಲೆಕ್ಸ್ ಗುರುತು ಕೂರುತ್ತದೆ, ಉಚ್ಚಾರ ‘ಫ್ರೆಶ್’. ನಾವು ದಿನಾ ಕನ್ನಡದ ನಡುವೆ ಆಡುವ ಫ್ರೆಶ್‌ಗೂ ಇದಕ್ಕೂ ಕಿವಿಗೆ ಹತ್ತಿರಹತ್ತಿರ ಒಂದೇ, ರಕಾರ ಮಾತ್ರ ಗಂಟಲಲ್ಲಿ. ಅದರಿಂದಲೇ ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಪುಲ್ಲಿಂಗ ನಾಮಪದದ ಜೊತೆಯೂ ನಾಲಿಗೆ ತಾನಾಗಿ ‘ಫ್ರೆಶ್’ ಎನ್ನುತ್ತದೆ. ಕೊತ್ತಂಬರಿ, ಪುದೀನ, ಟೊಮೆಟೊ, ಕ್ಯಾರೆಟ್, ತೆಂಗಿನಕಾಯಿ ಫ್ರೆಂಚಿನಲ್ಲಿ ಸ್ತ್ರೀಲಿಂಗ, ಇವಕ್ಕೆ ‘ಫ್ರೆಶ್’ ಸರಿ. ಶುಂಠಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಹುರುಳಿಕಾಯಿ, ದ್ರಾಕ್ಷಿ ಪುಲ್ಲಿಂಗ, ಇವಕ್ಕೆ ‘ಫ್ರೆ’. ಪುಲ್ಲಿಂಗಕ್ಕೆ ಏಕವಚನ ಬಹುವಚನ ಒಂದೇ ರೂಪ. ಸ್ತ್ರೀಲಿಂಗದ ಬಹುವಚನಕ್ಕೆ ಕೊನೆಯಲ್ಲಿ ಎಸ್ ಸೇರುತ್ತದೆ, ಉಚ್ಚಾರ ಬದಲಾಗುವುದಿಲ್ಲ. 1990ರ ಕಾಗುಣಿತ ಸುಧಾರಣೆಯ ಪ್ರಕಾರ ಟೋಪಿಯಿಲ್ಲದೆ ಬರೆದರೂ ತಪ್ಪಲ್ಲ, ಆದರೆ ಮಾರುಕಟ್ಟೆಯ ಲೇಬಲ್ಲುಗಳಲ್ಲಿ ಹಳೆಯ ರೂಪವೇ ಹೆಚ್ಚು ಓಡುತ್ತದೆ, ಅದನ್ನೇ ಇಟ್ಟುಕೊಳ್ಳುವುದು ಕ್ಷೇಮ.

ವರ್ಡ್‌ರೆಫರೆನ್ಸ್ ಎರಡೂ ಲಿಂಗದ ರೂಪಗಳನ್ನು ಒಂದೇ ಸಾಲಿನಲ್ಲಿ ಕೊಡುತ್ತದೆ, ಇದಕ್ಕೆ ಪೂರ್ಣ ಅಂಕ. ನಾಮಪದಗಳ ಮುಂದೆ ಪುಲ್ಲಿಂಗವೋ ಸ್ತ್ರೀಲಿಂಗವೋ ಎಂಬ ಪುಟ್ಟ ಸಂಕೇತವೂ ಇರುತ್ತದೆ. ಹಾಗಾಗಿ ಗುಣವಾಚಕ ಹುಡುಕಿದ ಮೇಲೆ ನಾಮಪದವನ್ನೂ ಒಮ್ಮೆ ಹಾಕಿ ನೋಡಿದರೆ ಹೊಂದಾಣಿಕೆ ತಪ್ಪುವುದಿಲ್ಲ. ಎರಡು ಹುಡುಕಾಟ ಅಷ್ಟೆ.

ಯಂತ್ರಾನುವಾದದ ಆ್ಯಪ್‌ಗಳಲ್ಲಿ ಇದು ಒಂದೇ ಹುಡುಕಾಟದಲ್ಲಿ ಆಗುತ್ತದಲ್ಲ ಎಂದು ಕೇಳಬಹುದು. ಪೂರ್ತಿ ವಾಕ್ಯ ಕೊಟ್ಟಾಗ ಅವು ನಿಜಕ್ಕೂ ಚೆನ್ನಾಗಿವೆ. ‘ಇಂದು ಬೆಳಿಗ್ಗೆ ಕಿತ್ತ ತಾಜಾ ಟೊಮೆಟೊ ಕಳಿಸಿದ್ದೇವೆ’ ಎಂಬಂಥ ವಾಕ್ಯದಲ್ಲಿ ಲಿಂಗ, ವಚನ, ಅರ್ಥ ಎಲ್ಲ ಸುತ್ತಲಿನ ಮಾತಿನಿಂದಲೇ ಹೊಳೆಯುತ್ತದೆ. ಎಡವುವುದು ಒಂದೆರಡು ಪದದ ಲೇಬಲ್ಲಿನಲ್ಲಿ. ಬರೀ ‘ಫ್ರೆಶ್’ ಕೊಟ್ಟರೆ ಯಂತ್ರಕ್ಕೆ ನಾಮಪದ ಗೊತ್ತಿಲ್ಲ, ಪುಲ್ಲಿಂಗ ಏಕವಚನ ಕೊಟ್ಟು ಸುಮ್ಮನಾಗುತ್ತದೆ. ಅದನ್ನು ತಂದು ಟೊಮೆಟೊ ಪಕ್ಕ ಅಂಟಿಸಿದರೆ ಲಿಂಗ ಕೆಡುತ್ತದೆ. ಕನ್ನಡದಿಂದ ನೇರ ಹೋಗುವುದಾದರೆ ತೊಂದರೆ ಇನ್ನೊಂದು ಕಡೆಯಿಂದ ಬರುತ್ತದೆ, ನಮ್ಮ ‘ಹಸಿ’ಯಿಂದ. ಹಸಿ ಶುಂಠಿ, ಹಸಿ ಬಟಾಣಿ, ಹಸಿ ಬಣ್ಣ ಈ ಮೂರಕ್ಕೂ ಫ್ರೆಂಚಿನಲ್ಲಿ ಅದೇ ‘ಫ್ರೆ’ ಅಥವಾ ‘ಫ್ರೆಶ್’. ಹಸಿ ಹಾಲು, ಹಸಿ ಮಾಂಸಕ್ಕೆ ಮಾತ್ರ ‘ಕ್ರ್ಯು’, ಅಂದರೆ ಬೇಯಿಸದ, ಕಾಯಿಸದ. ಹಸಿ ಮೆಣಸಿನಕಾಯಿಗೆ ‘ಪಿಮಾಂ ವೆರ್’, ಹಸಿರು ಮೆಣಸಿನಕಾಯಿ. ಒಂದು ಕನ್ನಡ ಪದ ಮೂರು ಕಡೆ ಕವಲೊಡೆಯುವಾಗ ಮೂರನ್ನೂ ಬೇರೆಬೇರೆ ತೋರಿಸಿ ಕಾರಣ ಹೇಳುವ ಸಾಧನ ಬೇಕು. ಆ್ಯಪ್ ಉತ್ತರ ಕೊಡುತ್ತದೆ, ಕಾರಣ ಕೊಡುವುದಿಲ್ಲ. ನಿಘಂಟಿನ ಆವರಣ ಕಾರಣ ಕೊಡುತ್ತದೆ.

ಈಗ ದ್ರಾಕ್ಷಿ ಪೆಟ್ಟಿಗೆಯೊಂದನ್ನು ಹತ್ತಿರದಿಂದ ನೋಡೋಣ, ಏಕೆಂದರೆ ಒಂದೇ ಲೇಬಲ್ಲಿನಲ್ಲಿ ಎಲ್ಲ ತೊಡಕೂ ಸೇರಿಕೊಂಡಿವೆ. ಇಂಗ್ಲಿಷಿನಲ್ಲಿ ಬರೆಯಬೇಕಾದದ್ದು ‘ಫ್ರೆಶ್ ಗ್ರೀನ್ ಗ್ರೇಪ್ಸ್, ಸೀಡ್‌ಲೆಸ್’. ಮೊದಲ ಮೋಸ ಗ್ರೇಪ್‌ನಲ್ಲಿ. ಫ್ರೆಂಚಿನ ‘ಗ್ರಾಪ್’ ಅಂದರೆ ಗೊಂಚಲು, ಹಣ್ಣಿಗೆ ‘ರೆಜೆಂ’. ಇಂಗ್ಲಿಷಿನಲ್ಲಿ ರೇಸಿನ್ ಅಂದರೆ ಒಣದ್ರಾಕ್ಷಿ ಎಂದು ಹೆದರಿ ಕೆಲವರು ರೆಜೆಂ ಹೊಡೆದುಹಾಕಿ ಗ್ರಾಪ್ ಬರೆಸುತ್ತಾರೆ. ಹಾಗೆ ಮಾಡಬೇಡಿ. ಒಣದ್ರಾಕ್ಷಿಗೆ ಫ್ರೆಂಚಿನಲ್ಲಿ ‘ರೆಜೆಂ ಸೆಕ್’ ಎಂದು ಪ್ರತ್ಯೇಕ ಹೆಸರಿದೆ. ಎರಡನೆಯದು ಬಣ್ಣ: ನಾವು ಹಸಿರು ಎನ್ನುವ ದ್ರಾಕ್ಷಿಯನ್ನು ಫ್ರೆಂಚರು ಬಿಳಿ ಎನ್ನುತ್ತಾರೆ, ‘ರೆಜೆಂ ಬ್ಲಾಂ’. ನೀಲಿ ದ್ರಾಕ್ಷಿ ಅವರಿಗೆ ಕಪ್ಪು, ‘ರೆಜೆಂ ನ್ವಾರ್’. ಬೀಜವಿಲ್ಲದ್ದಕ್ಕೆ ‘ಸಾಂ ಪೆಪೆಂ’. ಥಾಮ್ಸನ್, ಶರದ್ ತಳಿಗೆ ಇದು ಸರಿ. ದಿಲ್‌ಖುಷ್ ತಳಿ ಅನಾಬ್-ಎ-ಶಾಹಿಯಿಂದ ಬಂದದ್ದು, ಅದಕ್ಕೆ ಬೀಜವಿದೆ. ಬೆಂಗಳೂರು ನೀಲಿಗೂ ಇದೆ. ಅವಕ್ಕೆ ‘ಅವೆಕ್ ಪೆಪೆಂ’ ಎನ್ನಬೇಕು.

ಇನ್ನು ಉಳಿದದ್ದು ಫ್ರೆಶ್. ಅದನ್ನು ಹಾಕಬೇಕಾಗಿಯೇ ಇಲ್ಲ! ತಿನ್ನುವ ದ್ರಾಕ್ಷಿಗೆ ಫ್ರೆಂಚಿನ ಮಾರುಕಟ್ಟೆ ಹೆಸರು ‘ರೆಜೆಂ ದ ತಾಬ್ಲ್’, ಊಟದ ಮೇಜಿನ ದ್ರಾಕ್ಷಿ. ಆ ಹೆಸರಲ್ಲೇ ತಾಜಾತನ ಸೇರಿದೆ. ಯುರೋಪ್ ಒಕ್ಕೂಟದ ಮಾರಾಟ ಮಾನದಂಡ ಕೇಳುವುದು ಹಣ್ಣಿನ ಹೆಸರು, ತಳಿ, ಮೂಲ ದೇಶ, ದರ್ಜೆ ಮುಂತಾದವನ್ನು. ‘ರೆಜೆಂ ದ ತಾಬ್ಲ್ ಬ್ಲಾಂ, ಸಾಂ ಪೆಪೆಂ’ ಎಂದು ಬರೆದು, ಕೆಳಗೆ ತಳಿ, ಮೂಲ, ದರ್ಜೆ ಹಾಕಿದರೆ ಅದು ಅಲ್ಲಿನ ವ್ಯಾಪಾರಿ ಬರೆದಂತೆಯೇ ಓದಿಸಿಕೊಳ್ಳುತ್ತದೆ. ವರ್ಡ್‌ರೆಫರೆನ್ಸ್‌ನಲ್ಲಿ ಗುಣವಾಚಕ ಹುಡುಕುತ್ತ ಕೂತವರಿಗೆ ‘ಗುಣವಾಚಕವೇ ಬೇಡ’ ಎಂಬ ಉತ್ತರ ಸಿಗುವುದಿಲ್ಲ. ಅಂಕ ಕಳೆದದ್ದು ಇಂಥ ಕಡೆಯೇ.

ಇಲ್ಲಿ ನೆರವಿಗೆ ಬರುವುದು ಕಸ್ಟಮ್ಸ್ ಪಟ್ಟಿ. ರಫ್ತಿನವರಿಗೆಲ್ಲ ಎಚ್‌ಎಸ್ ಕೋಡ್, ಅಂದರೆ ಮಾಲಿನ ವಿಧಕ್ಕೆ ಕಸ್ಟಮ್ಸ್‌ನಲ್ಲಿ ಇರುವ ಸಂಖ್ಯೆ, ಗೊತ್ತು; ಮೊದಲ ಆರು ಅಂಕಿ ಎಲ್ಲ ದೇಶಕ್ಕೂ ಒಂದೇ. ಅದನ್ನು ನಡೆಸುವ ವಿಶ್ವ ಕಸ್ಟಮ್ಸ್ ಸಂಸ್ಥೆಯ ಅಧಿಕೃತ ಭಾಷೆ ಇಂಗ್ಲಿಷ್ ಮತ್ತು ಫ್ರೆಂಚ್. ಅಂದರೆ ನಮ್ಮ ಹಲವು ಬೆಳೆಗಳಿಗೆ ತಜ್ಞರು ಬರೆದ ಫ್ರೆಂಚ್ ಹೆಸರು ಆಗಲೇ ಸಿದ್ಧವಾಗಿ ಕೂತಿದೆ, ನಾವು ಬಳಸಿಕೊಳ್ಳುವುದು ಕಡಿಮೆ ಅಷ್ಟೆ. 0806ರಲ್ಲಿ ದ್ರಾಕ್ಷಿ ‘ರೆಜೆಂ, ಫ್ರೆ ಊ ಸೆಕ್’, ತಾಜಾ ಅಥವಾ ಒಣಗಿದ್ದು. 0702ರಲ್ಲಿ ಟೊಮೆಟೊ, 0701ರಲ್ಲಿ ಆಲೂಗಡ್ಡೆ, ಎರಡಕ್ಕೂ ‘ಆ ಲೇತಾ ಫ್ರೆ ಊ ರೆಫ್ರಿಜೆರೇ’, ತಾಜಾ ಸ್ಥಿತಿಯಲ್ಲಿ ಅಥವಾ ತಂಪುಗೊಳಿಸಿ. ಈ ರಚನೆ ಎಷ್ಟು ಜಾಣತನದ್ದು ಗಮನಿಸಿ. ‘ಫ್ರೆ’ ಹೊಂದಿಕೊಂಡಿರುವುದು ಟೊಮೆಟೊಗಲ್ಲ, ‘ಸ್ಥಿತಿ’ ಎಂಬ ಪುಲ್ಲಿಂಗ ಪದಕ್ಕೆ. ಹಿಂದಿನ ತರಕಾರಿ ಯಾವ ಲಿಂಗದ್ದಾದರೂ ಗುಣವಾಚಕ ಕದಲುವುದಿಲ್ಲ. ಜೊತೆಗೆ ರೆಫ್ರಿಜೆರೇ ಎಂದು ಬೇರೆಯಾಗಿ ಹೇಳಿರುವುದರಿಂದ ತಂಪಿನ ಗೊಂದಲವೂ ತೀರಿತು.

ಹೂವಿನವರಿಗೆ 0603. ‘ಫ್ರೆಶ್ ಫ್ಲವರ್ಸ್’ ಎಂದಾಗ ನಿಘಂಟು ಕೊಡುವ ‘ಫ್ಲರ್ ಫ್ರೆಶ್’ ತಪ್ಪಲ್ಲ, ಒಣಹೂವಲ್ಲ ಎನ್ನುವುದಕ್ಕೆ ಅದೇ ಸರಿ. ಆದರೆ ಗುಲಾಬಿ ಕಟ್ಟುಗಳ ವ್ಯಾಪಾರದಲ್ಲಿ ನಡೆಯುವ ಹೆಸರು ‘ಫ್ಲರ್ ಕೂಪೇ’, ಕತ್ತರಿಸಿದ ಹೂವು. ಕಸ್ಟಮ್ಸ್ ಪಟ್ಟಿಯಲ್ಲಿ ಹೂವು ಮತ್ತು ಮೊಗ್ಗು ಎರಡನ್ನೂ ಸೇರಿಸಿ ಹೇಳಿದ್ದಾರೆ. ಹೂವು ಸ್ತ್ರೀಲಿಂಗ, ಮೊಗ್ಗು ಪುಲ್ಲಿಂಗ, ಬೆರಕೆಯಾದಾಗ ಗುಣವಾಚಕ ಪುಲ್ಲಿಂಗ ಬಹುವಚನಕ್ಕೆ ಹೋಗುತ್ತದೆ, ಆದ್ದರಿಂದ ಅಲ್ಲಿ ‘ಫ್ರೆ’. ಅಷ್ಟು ಕಂಡು ‘ಗುಲಾಬಿಗೂ ಫ್ರೆ’ ಎಂದು ತೆಗೆದುಕೊಂಡರೆ ಕೆಟ್ಟಿತು. ಬರೀ ಗುಲಾಬಿಗೆ ‘ಫ್ರೆಶ್’ ಆಗಬೇಕು, ಕೊನೆಗೆ ಎಸ್ ಸೇರಿಸಿ. ಟೊಮೆಟೊ ಮತ್ತು ದ್ರಾಕ್ಷಿಯಂಥ ಬೆರಕೆ ಸಾಲು ಬರೆಯುವಾಗಲೂ ಇದೇ ನಿಯಮ. ಪುಲ್ಲಿಂಗದ ಪದವನ್ನು ಕೊನೆಯಲ್ಲಿಟ್ಟು ಅದರ ಪಕ್ಕ ‘ಫ್ರೆ’ ಹಾಕಿದರೆ ಓದುವವನ ಕಿವಿಗೆ ಚುಚ್ಚುವುದಿಲ್ಲ.

ಪ್ಯಾಕ್‌ಹೌಸ್‌ನವರಿಗೆ ಒಂದು ಮಾತು. ‘ಫ್ರೆಶ್’ ಎಂದು ದೊಡ್ಡದಾಗಿ ಮೊದಲೇ ಅಚ್ಚು ಹಾಕಿಸಿ, ಮುಂದೆ ಖಾಲಿ ಜಾಗದಲ್ಲಿ ತರಕಾರಿ ಹೆಸರಿನ ಸ್ಟಿಕ್ಕರ್ ಅಂಟಿಸುವ ಪದ್ಧತಿ ಇಂಗ್ಲಿಷಿಗೆ ನಡೆಯುತ್ತದೆ, ಫ್ರೆಂಚಿಗೆ ನಡೆಯುವುದಿಲ್ಲ. ಗುಣವಾಚಕ ನಾಮಪದದ ನಂತರ ಬರಬೇಕು, ಜೊತೆಗೆ ರೂಪ ಬದಲಿಸಬೇಕು. ಒಂದೇ ಪೆಟ್ಟಿಗೆ ಎಲ್ಲ ಮಾಲಿಗೂ ಆಗಬೇಕಾದರೆ ಗುಂಪಿನ ಹೆಸರು ಮೊದಲೇ ಅಚ್ಚಾಗಲಿ: ತರಕಾರಿಗೆ ‘ಲೆಗ್ಯೂಮ್ ಫ್ರೆ’, ಹಣ್ಣಿಗೆ ‘ಫ್ರ್ವಿ ಫ್ರೆ’, ಹೂವಿಗೆ ‘ಫ್ಲರ್ ಫ್ರೆಶ್’. ಆಮೇಲೆ ವಿವರಣ ಚಿಹ್ನೆ (:), ಆಮೇಲೆ ಸ್ಟಿಕ್ಕರ್. ಫ್ರೆಂಚಿನಲ್ಲಿ ವಿವರಣ ಚಿಹ್ನೆಗೆ ಮೊದಲೂ ಒಂದು ಖಾಲಿ ಜಾಗ ಬಿಡುತ್ತಾರೆ. ಅಚ್ಚಿನವರು ಅದನ್ನು ತಪ್ಪೆಂದುಕೊಂಡು ಸರಿಮಾಡಿಬಿಡುತ್ತಾರೆ, ಪ್ರೂಫಿನಲ್ಲಿ ನೋಡಿಕೊಳ್ಳಿ.

ಅಚ್ಚಿನ ಮಾತು ಬಂತು, ಇನ್ನೊಂದು ಅಪಾಯ ಹೇಳಲೇಬೇಕು. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೆಯ, ಯೂನಿಕೋಡ್ ಅಲ್ಲದ ಕನ್ನಡ ಫಾಂಟುಗಳು ಬಳಕೆಯಲ್ಲಿವೆ. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ, ಟೋಪಿ–ಗೆರೆ ಇರುವ ಫ್ರೆಂಚ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಫ್ರೆಂಚ್ ಸಾಲನ್ನು ಅಂಥ ಫಾಂಟಿನಲ್ಲಿ ಅಂಟಿಸಿದರೆ ಸಾಲಿಗೆ ಸಾಲೇ ಕನ್ನಡದ ಕಲಸುಮೇಲೋಗರವಾಗುತ್ತದೆ, ಅದು ಎದ್ದು ಕಾಣುವುದರಿಂದ ಸಿಕ್ಕಿಬೀಳುತ್ತದೆ. ಕಣ್ತಪ್ಪುವುದು ಅರ್ಧ ಸರಿಮಾಡಿದಾಗ, ಅಂದರೆ ಉಳಿದೆಲ್ಲ ಸರಿಯಾಗಿ ಟೋಪಿ ಐ ಒಂದೇ ಹಳೆಯ ಫಾಂಟಿನಲ್ಲಿ ಉಳಿದಾಗ. ಫ್ರೆಂಚ್ ಸಾಲಿಗೆ ಏರಿಯಲ್ ಅಥವಾ ಟೈಮ್ಸ್ ನ್ಯೂ ರೋಮನ್ ಹಾಕಿಸಿ. ವಿಂಡೋಸ್‌ನಲ್ಲಿ ಆ ಅಕ್ಷರಕ್ಕೆ ಆಲ್ಟ್ ಒತ್ತಿಹಿಡಿದು ಬಲಗಡೆಯ ಸಂಖ್ಯಾಫಲಕದಲ್ಲಿ 0238. ಫೋನಿನಲ್ಲಿ ಐ ಅಕ್ಷರ ಒತ್ತಿಹಿಡಿದರೆ ಆಯ್ಕೆ ಬರುತ್ತದೆ. ಅಂಗಡಿಗೆ ವರ್ಡ್ ಕಡತ ಕೊಡದೆ ಪಿಡಿಎಫ್ ಕೊಡಿ. ಪೂರ್ತಿ ದೊಡ್ಡಕ್ಷರದಲ್ಲಿ ಹಾಕಿಸಿದರೂ ಟೋಪಿ ಉಳಿಸಿಕೊಳ್ಳಿ.

ನಮ್ಮ ಕಡೆಯದೇ ಆದ ಇಂಗ್ಲಿಷಿಗೆ ಬಂದರೆ ವರ್ಡ್‌ರೆಫರೆನ್ಸ್ ಪೂರ್ತಿ ದಾರಿ ತೋರಿಸಲಾರದು. ‘ಫ್ರೆಶರ್’ ಎಂದರೆ ಬ್ರಿಟನ್ನಿನಲ್ಲಿ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿ. ನಮ್ಮಲ್ಲಿ ಡಿಗ್ರಿ ಮುಗಿಸಿ ಮೊದಲ ಕೆಲಸ ಹುಡುಕುವವರು. ರೆಸ್ಯೂಮೆಯಲ್ಲಿ ಅದಕ್ಕೆ ‘ಜನ್ ದಿಪ್ಲೋಮೇ’, ಹೊಸ ಪದವೀಧರ, ಅಥವಾ ‘ದೆಬ್ಯುತಾಂ’ ಬೇಕು. ‘ಫ್ರೆಶ್ ಆಗಿ ಬನ್ನಿ’ ಎನ್ನುವಾಗ ಗುಣವಾಚಕ ಬಿಟ್ಟು ಕ್ರಿಯಾಪದ, ‘ಸ ರಫ್ರೆಶೀರ್’. ‘ಫ್ರೆಶ್ ಪೀಸ್ ಕೊಡಿ’ ಎಂದರೆ ಇನ್ನೂ ಬಳಸದ ಹೊಸದು, ‘ನಫ್’. ‘ಫ್ರೆಶ್ ಸ್ಟಾಕ್ ಬಂದಿದೆ’ ಎಂಬುದಕ್ಕೆ ಮಾಲಿನ ವ್ಯಾಪಾರಿಗಳ ಸೊಗಸಾದ ಪದವೊಂದಿದೆ, ‘ಅರಿವಾಜ್’. ಹೊಸದಾಗಿ ಬಂದಿಳಿದ ಲೋಡು ಎಂದೇ ಅದರ ಅರ್ಥ, ಬೇರೆ ಗುಣವಾಚಕ ಬೇಕಿಲ್ಲ. ‘ಫ್ರೆಶ್ ಕ್ರೀಮ್ ಕೇಕ್’ ವಿಷಯದಲ್ಲಿ ವಿಶೇಷ ಎಚ್ಚರಿಕೆ ಇರಲಿ: ‘ಕ್ರೆಮ್ ಫ್ರೆಶ್’ ಎಂದರೆ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹಾಕಿ ಗಟ್ಟಿ ಮಾಡಿದ, ಸ್ವಲ್ಪ ಹುಳಿಯ ಕೆನೆ. ಕೇಕಿನ ಮೇಲೆ ಕಡೆದು ಹಚ್ಚಿದ ಸಿಹಿ ಕೆನೆಗೆ ‘ಕ್ರೆಮ್ ಶಾಂತಿಯಿ’ ಸರಿ.

ಬೇರೆ ನಿಘಂಟುಗಳ ಬಗ್ಗೆ ಚಿಕ್ಕದಾಗಿ. ಲಾರೂಸ್‌ನ ಆನ್‌ಲೈನ್ ನಿಘಂಟು ಶುದ್ಧವಾಗಿದೆ, ಪುಟ ನೆಮ್ಮದಿಯಾಗಿ ಓದಬಹುದು, ಎರಡನೆಯ ಅಭಿಪ್ರಾಯಕ್ಕೆ ಒಳ್ಳೆಯದು. 2009ರಿಂದ ಇರುವ ಲಿಂಗ್ವೀ, ನಿಘಂಟು ಎನ್ನುವುದಕ್ಕಿಂತ ಉದಾಹರಣೆಗಳ ಕಣಜ. ಈಗಾಗಲೇ ಅನುವಾದಗೊಂಡ ದಾಖಲೆಗಳಿಂದ ಎರಡು ಭಾಷೆಯ ವಾಕ್ಯಗಳನ್ನು ಅಕ್ಕಪಕ್ಕ ಇಡುತ್ತದೆ. ಯುರೋಪಿನ ನಿಯಮಾವಳಿಗಳ ಸಾಲುಗಳು ಅಲ್ಲಿ ಧಾರಾಳ, ಲೇಬಲ್ಲಿನವರಿಗೆ ಅದೇ ಬೇಕಾದ್ದು. ಆದರೆ ಎಲ್ಲ ವಾಕ್ಯವನ್ನೂ ಯಾರೋ ಕೂತು ಪರೀಕ್ಷಿಸಿದ್ದಲ್ಲವಾದ್ದರಿಂದ, ಒಂದೇ ವಾಕ್ಯದಲ್ಲಿ ಕಂಡದ್ದನ್ನು ನಂಬದೆ ಹಲವು ಬೇರೆಬೇರೆ ಮೂಲದಲ್ಲಿ ಬಂದಿದ್ದರೆ ಮಾತ್ರ ತೆಗೆದುಕೊಳ್ಳಬೇಕು. ನಮ್ಮ ಸಲಹೆ: ಅರ್ಥಕ್ಕೆ ವರ್ಡ್‌ರೆಫರೆನ್ಸ್, ಬಳಕೆಗೆ ಲಿಂಗ್ವೀ, ಮಾಲಿನ ಹೆಸರಿಗೆ ಕಸ್ಟಮ್ಸ್ ಪಟ್ಟಿ. ಪರೀಕ್ಷೆಗೆ ಓದುವವರಿಗೆ ಮೊದಲನೆಯದೊಂದೇ ಸಾಕು.

ವರ್ಡ್‌ರೆಫರೆನ್ಸ್ ಬಗ್ಗೆ ಉಳಿದ ಚಿಕ್ಕ ದೂರುಗಳು: ಫೋನಿನ ಬ್ರೌಸರಿನಲ್ಲಿ ಜಾಹೀರಾತು ಸಾಲುಗಳ ನಡುವೆ ನುಗ್ಗುತ್ತದೆ, ಆ್ಯಪ್ ಅದಕ್ಕಿಂತ ವಾಸಿ. ಎರಡಕ್ಕೂ ಇಂಟರ್ನೆಟ್ ಬೇಕು, ಸಿಗ್ನಲ್ ಸಿಗದ ಕೋಲ್ಡ್ ಸ್ಟೋರೇಜಿನ ಒಳಗೆ ನಿಂತು ಹುಡುಕುವ ಆಸೆ ಬಿಡಿ. ಆವರಣದ ಸುಳಿವು ಇಂಗ್ಲಿಷಿನಲ್ಲೇ ಇರುವುದರಿಂದ ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವಷ್ಟು ಬರಬೇಕು. ಉಚ್ಚಾರಣೆ ಕೇಳಿಸುವ ಗುಂಡಿ ಇದೆ. ‘ಫ್ರೆ’ ಮತ್ತು ‘ಫ್ರೆಶ್’ ಎರಡನ್ನೂ ಒಂದರ ಹಿಂದೊಂದು ಕೇಳಿಸಿಕೊಳ್ಳಿ, ಲಿಂಗದ ವ್ಯತ್ಯಾಸ ಕಿವಿಯಲ್ಲಿ ಉಳಿಯುತ್ತದೆ.

ಕೊನೆಗೂ ಯಾವ ನಿಘಂಟಿಗೂ ಬಗ್ಗದೆ ಉಳಿಯುವುದು ನಮ್ಮ ಅವರೆ. ಗಿಡಕ್ಕೆ ಫ್ರೆಂಚಿನಲ್ಲಿ ‘ದೋಲಿಕ್ ದೆಜಿಪ್ತ್’, ಈಜಿಪ್ತಿನ ದೋ‌ಲಿಕ್ ಎಂಬ ಹೆಸರಿದೆ, ಆದರೆ ಅಲ್ಲಿನ ಸಾಮಾನ್ಯ ಗಿರಾಕಿಗೆ ಅದು ಪರಿಚಯದ ಕಾಳಲ್ಲ. ಬರೀ ‘ಫ್ರೆ’ ಎಂದರೆ ಒಣಕಾಳಲ್ಲ ಎಂದಷ್ಟೇ ಗೊತ್ತಾಗುತ್ತದೆ. ಸುಲಿದದ್ದೋ ಕಾಯಿಯೋ ತಿಳಿಯುವುದಿಲ್ಲ. ಸುಲಿದ ಕಾಳಿಗೆ ‘ಫ್ರೆಶ್‌ಮಾಂ ಎಕೋಸ್ಸೇ’, ಈಗಷ್ಟೇ ಸಿಪ್ಪೆ ಬಿಡಿಸಿದ್ದು, ಎಂದು ಸೇರಿಸಿ, ಸಸ್ಯಶಾಸ್ತ್ರದ ಹೆಸರು ಲಾಬ್ಲಾಬ್ ಪರ್ಪ್ಯೂರಿಯಸ್ ಅನ್ನೂ ಕೆಳಗೆ ಬರೆಯಿರಿ. ಹಿತುಕಿದ ಬೇಳೆಯಾದರೆ ಒಳಸಿಪ್ಪೆಯನ್ನೂ ತೆಗೆದದ್ದೆಂದು ಇನ್ನೊಂದು ಸಾಲು ಬೇಕು. ಸೊಗಡಿಗೆ ಪದ ಹುಡುಕಬೇಡಿ, ಅವರೆಕಾಯಿ ಎಂಬ ಹೆಸರನ್ನೇ ಫ್ರೆಂಚ್ ಅಕ್ಷರದಲ್ಲಿ ಪೆಟ್ಟಿಗೆ ಮೇಲೆ ದೊಡ್ಡದಾಗಿ ಹಾಕಿಸಿ.